ಅಪ್ರೆಂಟಿಸ್‌ಗೆ 8,050, ಕಂಟ್ರಾಕ್ಟರ್ ಹತ್ತಿರ 14,000: ಹುಡುಗನನ್ನು ಎಲ್ಲಿಗೆ ಕಳಿಸಲಿ?

ಸುಂಕದಕಟ್ಟೆ ಮಾವ:
ನಮಸ್ಕಾರ. ನಮ್ಮ ಅಕ್ಕನ ಮಗ ಈ ವರ್ಷ ಐಟಿಐ ಫಿಟ್ಟರ್ ಮುಗಿಸಿದ, ಎರಡು ವರ್ಷದ ಕೋರ್ಸ್. ಬೆಂಗಳೂರಿನ ಒಂದು ಕೇಂದ್ರ ಸರ್ಕಾರಿ ಕಾರ್ಖಾನೆಯಲ್ಲಿ ಒಂದು ವರ್ಷದ ಅಪ್ರೆಂಟಿಸ್‌ಗೆ ಸೆಲೆಕ್ಟ್ ಆಗಿದ್ದಾನೆ. ಸ್ಟೈಪೆಂಡ್ ತಿಂಗಳಿಗೆ 8,050. ಅಷ್ಟರಲ್ಲಿ ಪೀಣ್ಯದ ಒಬ್ಬ ಕಂಟ್ರಾಕ್ಟರ್ ಫೋನ್ ಮಾಡಿ, ನಮ್ಮಲ್ಲೂ ಅಪ್ರೆಂಟಿಸೇ, 14,000 ಕೈಗೆ ಕೊಡುತ್ತೇವೆ, ನಾಳೆಯಿಂದಲೇ ಬಾ ಅಂದಿದ್ದಾನೆ.

ಅಕ್ಕನದು ಒಂದೇ ಹಟ. ಎಂಟು ಸಾವಿರಕ್ಕೆ ದುಡಿಯೋಕೆ ಎರಡು ವರ್ಷ ಓದಿಸಿದ್ನಾ ಅಂತ. ಹುಡುಗ ನಮ್ಮ ಮನೆಯಲ್ಲೇ ಇರುತ್ತಾನೆ, ಬಾಡಿಗೆ ಚಿಂತೆ ಇಲ್ಲ. ಆದರೂ ಊರಿಗೆ ಏನಾದರೂ ಕಳಿಸಬೇಕಲ್ವಾ. ವರ್ಷ ಆದ ಮೇಲೆ ಕಾರ್ಖಾನೆಯವರು ಕೆಲಸ ಕೊಡುತ್ತಾರಾ? ಪಿಎಫ್ ಇರುತ್ತದಾ? ಯುವನಿಧಿನೂ ಜೊತೆಗೆ ಬರುತ್ತದಾ? ಗೊತ್ತಿದ್ದವರು ಹೇಳಿ.

ಜಾಲಹಳ್ಳಿ ಹಳೇ ಫಿಟ್ಟರ್:
ಅಣ್ಣಾ, ಕೆಲಸ ಕೊಡುತ್ತಾರೆ ಅಂತ ನಂಬಿಕೊಂಡು ಕಳಿಸಬೇಡಿ. 1961ರ ಅಪ್ರೆಂಟಿಸ್ ಕಾಯ್ದೆ ಪ್ರಕಾರ ಅವನು ಕಲಿಯೋಕೆ ಬಂದವನು, ಕಾರ್ಮಿಕ ಅಲ್ಲ. ಅದಕ್ಕೇ ಪಿಎಫ್ ಇಲ್ಲ. ವರ್ಷ ಮುಗಿದ ಮೇಲೆ ಕೆಲಸ ಕೊಡಲೇಬೇಕು ಅಂತಲೂ ಇಲ್ಲ. ನಮ್ಮ ಬ್ಯಾಚ್‌ನಲ್ಲಿ ಅಲ್ಲೇ ಉಳಿದವರು ಬೆರಳೆಣಿಕೆ.

8,050 ಅನ್ನುವುದು ಕಂಪನಿಯವರು ಮನಸ್ಸಿಗೆ ಬಂದ ಹಾಗೆ ಕೊಡುವ ದುಡ್ಡೂ ಅಲ್ಲ. 2019ರಲ್ಲಿ ನಿಯಮ ಬದಲಾದಾಗ ಓದಿಗೆ ತಕ್ಕ ಹಾಗೆ 5,000ದಿಂದ 9,000ದವರೆಗೆ ಕನಿಷ್ಠ ಸ್ಟೈಪೆಂಡ್ ಗೊತ್ತು ಮಾಡಿದರು. ಐಟಿಐನವರಿಗೆ 7,000. ಎರಡು ವರ್ಷ ಐಟಿಐ ಮಾಡಿದವನನ್ನು ಮೂರನೇ ವರ್ಷದ ಅಪ್ರೆಂಟಿಸ್ ಲೆಕ್ಕಕ್ಕೆ ಹಿಡಿಯುತ್ತಾರೆ, ಅದಕ್ಕೆ ಶೇ 15 ಜಾಸ್ತಿ. 2025ರ ಮೇನಲ್ಲಿ ಇದನ್ನು 6,800ರಿಂದ 12,300ರವರೆಗೆ ಏರಿಸಿ ಅಂತ ಕೇಂದ್ರದ ಅಪ್ರೆಂಟಿಸ್ ಮಂಡಳಿ ಶಿಫಾರಸು ಮಾಡಿತು. ಶಿಫಾರಸು ಅಷ್ಟೇ, ಅಕ್ಕನ ಮುಂದೆ ಆ ಲೆಕ್ಕ ಹೇಳಿ ಸುಮ್ನೆ ಆಸೆ ಹುಟ್ಟಿಸಬೇಡಿ.

ಮತ್ತೆ ಯಾಕೆ ಹೋಗಬೇಕು ಅಂದರೆ, ಕೊನೆಯಲ್ಲಿ ಟ್ರೇಡ್ ಟೆಸ್ಟ್ ಇರುತ್ತದೆ, ಪಾಸಾದರೆ ರಾಷ್ಟ್ರೀಯ ಅಪ್ರೆಂಟಿಸ್ ಸರ್ಟಿಫಿಕೇಟ್ ಬರುತ್ತದೆ. ರೈಲ್ವೆಯಲ್ಲೇ ಅಪ್ರೆಂಟಿಸ್ ಮಾಡಿದವರಿಗೆ ಅಲ್ಲಿಯ ಲೆವೆಲ್ 1 (ತಳಹಂತದ ಹುದ್ದೆ) ನೇಮಕಾತಿಯಲ್ಲಿ ಶೇ 20 ಹುದ್ದೆ ಮೀಸಲು, ಯಲಹಂಕದ ಗಾಲಿ ಕಾರ್ಖಾನೆ ಕರೆದಾಗ ಹುಡುಗರು ಮುಗಿಬೀಳುವುದು ಅದಕ್ಕೇ. ಇನ್ನು ಕಲಿಕೆ. ನನಗೆ ಶುರುವಿನ ಎರಡು ತಿಂಗಳು ಬರೀ ಅರ ಹಿಡಿಸಿ ಕಬ್ಬಿಣ ಉಜ್ಜಿಸಿದರು. ಅಂಗೈ ಬೊಬ್ಬೆ. ಮೇಷ್ಟ್ರು ಪೀಸಿನ ಮೇಲೆ ಟ್ರೈ ಸ್ಕ್ವೇರ್ (ಮೂಲೆಮಟ್ಟ) ಇಟ್ಟು ಕಿಟಕಿ ಕಡೆ ಎತ್ತಿ ಹಿಡಿಯುತ್ತಿದ್ದರು, ಕೂದಲೆಳೆಯಷ್ಟು ಬೆಳಕು ತೂರಿದರೂ ವಾಪಸ್ ವೈಸ್‌ಗೆ. ಆಗ ಅವರನ್ನು ಬೈದುಕೊಂಡಿದ್ದೇನೆ. ಈಗ ಡ್ರಾಯಿಂಗ್ ನೋಡಿದರೆ ಪೀಸ್ ಕಣ್ಣಮುಂದೆ ಬರುತ್ತದೆ.

ಪೀಣ್ಯ ಸೆಕೆಂಡ್ ಸ್ಟೇಜ್:
ನನ್ನದೊಂದು ಸಣ್ಣ ಶೆಡ್ ಇದೆ, 22 ಜನ. ಓನರ್ ಕಡೆಯ ಮಾತನ್ನೂ ಕೇಳಿ.

30 ಜನ ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಶೇ 2.5ರಿಂದ 15ರಷ್ಟು ಅಪ್ರೆಂಟಿಸ್ ಇಟ್ಟುಕೊಳ್ಳಲೇಬೇಕು. ನನ್ನಂಥವರಿಗೆ ಇಷ್ಟ ಇದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. 2016ರಲ್ಲಿ ನ್ಯಾಪ್ಸ್ ಅಂತ ಕೇಂದ್ರದ ಅಪ್ರೆಂಟಿಸ್ ಪ್ರೋತ್ಸಾಹ ಸ್ಕೀಮ್ ಬಂತು, ಸ್ಟೈಪೆಂಡ್‌ನ ಕಾಲು ಭಾಗ, ಹೆಚ್ಚೆಂದರೆ 1,500, ಸರ್ಕಾರದ್ದು. ಮೊದಲು ನಾವು ಪೂರ್ತಿ ಕೊಟ್ಟು ಆಮೇಲೆ ಕ್ಲೇಮ್ ಹಾಕಬೇಕಿತ್ತು, ಆ ದುಡ್ಡಿಗೆ ಕಾದು ಕಾದು ನಾನಂತೂ ಬಿಟ್ಟೇಬಿಟ್ಟಿದ್ದೆ. 2023ರಿಂದ ಸರ್ಕಾರದ ಪಾಲು ನೇರ ಹುಡುಗನ ಅಕೌಂಟಿಗೆ ಹೋಗುತ್ತದೆ. ಇದು ಒಳ್ಳೆಯ ಕೆಲಸ, ಒಪ್ಪುತ್ತೇನೆ. ಈಗ ಇಬ್ಬರನ್ನು ಇಟ್ಟುಕೊಂಡಿದ್ದೇನೆ.

ಆದರೆ 1,500 ರೂಪಾಯಿಗೆ ಕಲಿಸುವವನು ಸಿಗುವುದಿಲ್ಲ ಸ್ವಾಮಿ. ನನ್ನ ಸೀನಿಯರ್ ಟರ್ನರ್ ಹುಡುಗನ ಪಕ್ಕ ಅರ್ಧ ದಿನ ನಿಂತರೆ ಅವನ ಮೆಷಿನ್ ಅರ್ಧ ದಿನ ನಿಂತ ಹಾಗೆ. ಆ ನಷ್ಟವನ್ನು ಯಾವ ಸ್ಕೀಮೂ ಲೆಕ್ಕಕ್ಕೆ ಹಿಡಿದಿಲ್ಲ. ಇನ್ಸರ್ಟ್ (ಲೋಹ ಕತ್ತರಿಸುವ ತುದಿ) ಮುರಿದುಕೊಂಡು ಅಂತೂ ಕಲಿತ ಅನ್ನುವಷ್ಟರಲ್ಲಿ ಪಕ್ಕದ ಶೆಡ್‌ನವನು ಸಾವಿರ ಜಾಸ್ತಿ ತೋರಿಸಿ ಎಳೆದುಕೊಳ್ಳುತ್ತಾನೆ. ದೊಡ್ಡವರ ಕಥೆ ಬೇರೆ. 2014ರ ತನಕ ಅಪ್ರೆಂಟಿಸ್ ಇಟ್ಟುಕೊಳ್ಳದಿದ್ದರೆ ಜೈಲು ಅಂತಲೂ ಕಾಯ್ದೆಯಲ್ಲಿತ್ತು. ಅದನ್ನು ತೆಗೆದು ದಂಡ ಮಾತ್ರ ಉಳಿಸಿದರು: ಒಬ್ಬ ಅಪ್ರೆಂಟಿಸ್ ಕಡಿಮೆ ಇದ್ದರೆ ತಿಂಗಳಿಗೆ 500, ಮೂರು ತಿಂಗಳು ದಾಟಿದರೆ 1,000. ಸ್ಟೈಪೆಂಡ್ 7,000, ದಂಡ 1,000. ಯಾವುದು ಅಗ್ಗ ನೀವೇ ಹೇಳಿ.

ನಿಮ್ಮ ಕಂಟ್ರಾಕ್ಟರ್ ವಿಷಯ. ಅವನನ್ನು ಎರಡೇ ಪ್ರಶ್ನೆ ಕೇಳಿ. ಅಪ್ರೆಂಟಿಸ್ ಅಂದರೆ ಸರ್ಕಾರದ ಪೋರ್ಟಲ್‌ನಲ್ಲಿ ಕಾಂಟ್ರಾಕ್ಟ್ ಆಗಬೇಕು, ಅದರ ನಂಬರ್ ಕೊಡ್ತೀರಾ? ಇಲ್ಲ, ಕೆಲಸ ಅಂದರೆ ಪಿಎಫ್, ಇಎಸ್‌ಐ (ಕಾರ್ಮಿಕರ ವಿಮೆ) ಕಟ್ತೀರಾ? 14,000 ಅಂದರೆ ಇಎಸ್‌ಐನ 21,000 ಸಂಬಳದ ಮಿತಿಯ ಒಳಗೇ ಬರುತ್ತದೆ. ಎರಡಕ್ಕೂ ತಲೆ ಕೆರೆದುಕೊಂಡರೆ ನಿಮ್ಮ ಹುಡುಗ ಅಲ್ಲಿ ಅಪ್ರೆಂಟಿಸೂ ಅಲ್ಲ, ಕಾರ್ಮಿಕನೂ ಅಲ್ಲ. ಬೆಳಗ್ಗೆಯಿಂದ ಸಂಜೆ ತನಕ ತಗಡು ಒತ್ತುವ ಪ್ರೆಸ್ ಮೆಷಿನ್ ಮುಂದೆ ನಿಲ್ಲಿಸುತ್ತಾರೆ. ಬೆರಳು ಹೋದರೆ ಅವನು ಯಾರು ಅಂತಲೇ ಯಾರಿಗೂ ಗೊತ್ತಿರುವುದಿಲ್ಲ.

ರಾಜಾಜಿನಗರ ಅಕ್ಕ:
ಯುವನಿಧಿ ಆಸೆ ಬಿಡಿ. ಅದು ಡಿಗ್ರಿಯವರಿಗೆ 3,000, ಡಿಪ್ಲೊಮಾದವರಿಗೆ 1,500. ಐಟಿಐಗೆ ಇಲ್ಲ.

ಪೋರ್ಟಲ್‌ನಲ್ಲಿ ಕಾಂಟ್ರಾಕ್ಟ್ ಆದ ಕೂಡಲೇ ಎಲ್ಲ ಸರಿ ಅಂತಲೂ ಅಂದುಕೊಳ್ಳಬೇಡಿ. ನನ್ನ ತಂಗಿ ಬಿಕಾಂ ಮುಗಿಸಿ ಒಂದು ಖಾಸಗಿ ಆಫೀಸಿನಲ್ಲಿ ಗ್ರಾಜುಯೇಟ್ ಅಪ್ರೆಂಟಿಸ್ ಆದಳು, ನ್ಯಾಟ್ಸ್ ಅಂತ ಡಿಗ್ರಿ, ಡಿಪ್ಲೊಮಾದವರ ಅಪ್ರೆಂಟಿಸ್ ಸ್ಕೀಮ್, 9,000, ಅದರಲ್ಲಿ ಅರ್ಧ ಕೇಂದ್ರದ್ದು. ಕಾಗದಪತ್ರ ಎಲ್ಲ ಪಕ್ಕಾ ಇತ್ತು. ಒಂದು ವರ್ಷ ಮಾಡಿದ್ದು ಮಾತ್ರ ಬಿಲ್ ನಂಬರ್ ಎಕ್ಸೆಲ್‌ಗೆ ಹೊಡೆಯುವ ಕೆಲಸ. ಜಿಎಸ್‌ಟಿ ರಿಟರ್ನ್ ಹಾಕುವುದು ಕಲಿಸಿ ಅಂತ ಕೇಳಿದರೆ, ಅದು ನಿನಗ್ಯಾಕಮ್ಮಾ ಅಂದರಂತೆ. ಹಾಗಾಗಿ ಆ ಕಾರ್ಖಾನೆಯಲ್ಲಿ ಹೋದ ವರ್ಷ ಮಾಡಿದ ಹುಡುಗರು ಯಾರಾದರೂ ಸಿಕ್ಕರೆ, ಏನು ಕಲಿಸಿದರು ಅಂತ ಮೊದಲು ವಿಚಾರಿಸಿ. ಇನ್ನೊಂದು, ಪಿಎಂ ಇಂಟರ್ನ್‌ಶಿಪ್ ಅಂತ 2024ರಲ್ಲಿ ಬಂದಿದೆಯಲ್ಲ, ಅದು ಇದಲ್ಲ. ಹೆಸರು ಕೇಳಿ ಗೊಂದಲ ಮಾಡಿಕೊಳ್ಳಬೇಡಿ, ನಾವು ಮಾಡಿಕೊಂಡಿದ್ದೆವು.

ಸುಂಕದಕಟ್ಟೆ ಮಾವ:
ಎಲ್ಲರಿಗೂ ಥ್ಯಾಂಕ್ಸ್. ಪೀಣ್ಯದವರು ಹೇಳಿದ ಹಾಗೆ ಆ ಎರಡು ಪ್ರಶ್ನೆ ಕೇಳಿದೆ. ಕಾಂಟ್ರಾಕ್ಟ್ ಎಲ್ಲಾ ಮೂರು ತಿಂಗಳು ಆದ ಮೇಲೆ ನೋಡೋಣ ಸರ್ ಅಂದ. ಪಿಎಫ್ ಅಂದೆ, ಲೈನ್ ಕಟ್ ಆಯಿತು. ಆಮೇಲೆ ಎರಡು ಸಲ ಮಾಡಿದೆ, ಎತ್ತಲಿಲ್ಲ.

ಅಕ್ಕನಿಗೆ ಆ ಬೆರಳಿನ ಮಾತು ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, ನಿನ್ನ ಮನೆಯಲ್ಲಿ ಊಟಕ್ಕೆ ತಿಂಗಳಿಗೆ ಎಷ್ಟು ಕೊಡಬೇಕು ಅಂತ ಕೇಳಿದಳು. ಬೈದು ಫೋನ್ ಇಟ್ಟೆ. ಸೋಮವಾರ ಡಾಕ್ಯುಮೆಂಟ್ ವೆರಿಫಿಕೇಷನ್ ಇದೆ, ಕರೆದುಕೊಂಡು ಹೋಗುತ್ತೇನೆ. ಈಗ ಇನ್ನೊಂದು ತಲೆನೋವು. ಆಧಾರ್‌ನಲ್ಲಿ ಹೆಸರಿನ ಮುಂದೆ ಗೌಡ ಇದೆ, ಮಾರ್ಕ್ಸ್ ಕಾರ್ಡ್‌ನಲ್ಲಿ ಬರೀ ಇನಿಷಿಯಲ್. ತೊಂದರೆ ಆಗುತ್ತದಾ?

ಜಾಲಹಳ್ಳಿ ಹಳೇ ಫಿಟ್ಟರ್:
ಆಗುತ್ತದೆ. ಸ್ಟೈಪೆಂಡೂ ಸರ್ಟಿಫಿಕೇಟೂ ಎರಡೂ ಸಿಕ್ಕಿಹಾಕಿಕೊಳ್ಳುತ್ತವೆ. ನಾಳೆ ಬೆಳಗ್ಗೆ ಬಾಗಿಲು ತೆಗೆಯುವ ಹೊತ್ತಿಗೇ ಬೆಂಗಳೂರು ಒನ್‌ಗೆ ಹೋಗಿ ಆಧಾರ್‌ನ ಹೆಸರು ತಿದ್ದಿಸೋಕೆ ಅರ್ಜಿ ಹಾಕಿ, ಎಸ್ಸೆಸ್ಸೆಲ್ಸಿ ಕಾರ್ಡ್ ಒರಿಜಿನಲ್ ಇರಲಿ, ಅರ್ಜಿ ಹಾಕಿದ ಚೀಟಿ ಸೋಮವಾರ ಜೊತೆಗೆ ತೆಗೆದುಕೊಂಡು ಹೋಗಿ. ಒಂದು ಜೊತೆ ಒಳ್ಳೆಯ ಸೇಫ್ಟಿ ಶೂನೂ ಕೊಡಿಸಿ, ಮೊದಲ ಸ್ಟೈಪೆಂಡ್ ಬರುವ ತನಕ ಕಾಯಬೇಡಿ.