ಶಾಲಾ ಬಜೆಟ್‌ಗೆ ರಾಜ್ಯದ ಮಿತಿ ಇದ್ದರೂ ಮನೆ ತೆರಿಗೆ ಏರುವುದು ಹೇಗೆ?

ಕುಂಬಳೆ ಅರ್ಥಶಾಸ್ತ್ರ ಕೇಳಿದ್ದು:

ಇಲ್ಲಿ ಕೇರಳದಲ್ಲಿ ಪ್ಲಸ್ ಟು ಕನ್ನಡ ಮಾಧ್ಯಮದ ಮಕ್ಕಳಿಗೆ ಸ್ಥಳೀಯ ತೆರಿಗೆಯ ಪಾಠಕ್ಕೆ ಅಮೆರಿಕದ ಉದಾಹರಣೆ ಬೇಕಾಗಿದೆ. ಅಲ್ಲಿ ಶಾಲೆಯ ಖರ್ಚಿನ ದೊಡ್ಡ ಪಾಲು ಮನೆ-ಜಾಗದ ತೆರಿಗೆಯಿಂದ ಬರುತ್ತದೆ, ಹಲವು ರಾಜ್ಯಗಳು ಅದಕ್ಕೆ ಮಿತಿಯನ್ನೂ ಹಾಕಿವೆ. ಮಿತಿ ಇದ್ದ ಮೇಲೆ ಬಜೆಟ್ ಶೇ. 3 ಏರಿದಾಗ ತೆರಿಗೆ ಶೇ. 6 ಏರುವುದು ಹೇಗೆ ಸಾಧ್ಯ? ಇನ್ನೊಂದು: ನಾವು ಪಂಚಾಯತಿಗೆ ಕಟ್ಟುವ ಮನೆ ತೆರಿಗೆಯಲ್ಲಿ ಊರಿನ ಶಾಲೆಗೆ ಹೋಗುವ ಪಾಲು ಇದೆಯೇ?

ಲೆಕ್ಕದ ಪುಸ್ತಕ ಉತ್ತರ:

ವಿಸ್ಕಾನ್ಸಿನ್ ರಾಜ್ಯವನ್ನೇ ಹಿಡಿಯಿರಿ, ಲೆಕ್ಕ ಸ್ಪಷ್ಟವಾಗಿ ಕಾಣುತ್ತದೆ. 1993-94ರಿಂದ ಅಲ್ಲಿ ಶಾಲೆಗಳು ಪಡೆಯಬಹುದಾದ ಆದಾಯಕ್ಕೆ ಪ್ರತಿ ವಿದ್ಯಾರ್ಥಿಯ ಲೆಕ್ಕದಲ್ಲಿ ಮಿತಿ ಇದೆ. ಈ ಮಿತಿ ತೆರಿಗೆಯೊಂದಕ್ಕೇ ಹಾಕಿದ್ದಲ್ಲ. ರಾಜ್ಯದ ಸಾಮಾನ್ಯ ಅನುದಾನ ಮತ್ತು ಸ್ಥಳೀಯ ಆಸ್ತಿ ತೆರಿಗೆ, ಇವೆರಡೂ ಸೇರಿದ ಮೊತ್ತಕ್ಕೆ ಹಾಕಿದ್ದು. ಅನುದಾನ ಕಳೆದು ಉಳಿದದ್ದನ್ನು ತೆರಿಗೆಯಿಂದ ಎತ್ತಬಹುದು.

ಪಾಠಕ್ಕೆ ಒಂದು ಕಲ್ಪಿತ ಶಾಲಾ ಜಿಲ್ಲೆ (ಊರಿನ ಶಾಲೆಗಳನ್ನು ನಡೆಸಿ ಅವಕ್ಕಾಗಿ ತೆರಿಗೆ ಎತ್ತುವ ಸ್ಥಳೀಯ ಘಟಕ): 1,000 ಮಕ್ಕಳು, ತಲಾ ಮಿತಿ 11,000 ಡಾಲರ್. ಒಟ್ಟು 110 ಲಕ್ಷ. ರಾಜ್ಯದ ಅನುದಾನ 60 ಲಕ್ಷ, ತೆರಿಗೆ 50 ಲಕ್ಷ. ಊರಿನ ಆಸ್ತಿಗಳ ಒಟ್ಟು ಮೌಲ್ಯ 100 ಕೋಟಿ ಡಾಲರ್ ಆದರೆ 3 ಲಕ್ಷದ ಮನೆಗೆ 1,500 ಡಾಲರ್ ತೆರಿಗೆ.

ಮರುವರ್ಷ ತಲಾ ಮಿತಿ 325 ಡಾಲರ್ ಏರಿತು ಎನ್ನಿ. ಒಟ್ಟು 113.25 ಲಕ್ಷ, ಏರಿಕೆ ಶೇ. 3ಕ್ಕೂ ತುಸು ಕಡಿಮೆ. ಅನುದಾನ 60 ಲಕ್ಷದಲ್ಲೇ ನಿಂತರೆ ಏರಿದ 3.25 ಲಕ್ಷವೂ ತೆರಿಗೆಯ ಮೇಲೆ ಬೀಳುತ್ತದೆ. 50 ಇದ್ದದ್ದು 53.25 ಆಯಿತು, ಅಂದರೆ ಶೇ. 6.5 ಏರಿಕೆ. ಅದೇ ಮನೆಗೆ 1,597.50. ಬದಲಿಗೆ ರಾಜ್ಯ ಅನುದಾನವನ್ನು 65 ಲಕ್ಷ ಮಾಡಿದ್ದರೆ ತೆರಿಗೆ 48.25 ಲಕ್ಷಕ್ಕೆ ಇಳಿಯುತ್ತಿತ್ತು. ಶಾಲೆಯ ಬಜೆಟ್ ಎರಡೂ ಸಲ ಒಂದೇ. ಆದ್ದರಿಂದ ಮನೆ ತೆರಿಗೆ ಏರಿದಾಗ ಶಾಲಾ ಮಂಡಳಿಯನ್ನು ದೂರುವ ಮೊದಲು ರಾಜ್ಯದ ಅನುದಾನದ ಸಾಲನ್ನು ನೋಡಬೇಕು.

325 ಎಂಬ ಅಂಕಿ ಸುಮ್ಮನೆ ಹಾಕಿದ್ದಲ್ಲ. 2023ರಲ್ಲಿ ಅಲ್ಲಿನ ಗವರ್ನರ್ ಟೋನಿ ಎವರ್ಸ್ ಭಾಗಶಃ ವೀಟೋ (ಮಸೂದೆಯ ಕೆಲವು ಭಾಗಗಳನ್ನಷ್ಟೇ ತಿರಸ್ಕರಿಸುವ ಅಧಿಕಾರ) ಬಳಸಿ ಮಸೂದೆಯ ಕೆಲವು ಅಂಕಿಗಳನ್ನೂ ಅಡ್ಡಗೆರೆಯನ್ನೂ ಹೊಡೆದುಹಾಕಿದರು; 2024-25 ಎಂದಿದ್ದದ್ದು 2425 ಆಯಿತು. ಎರಡು ವರ್ಷಕ್ಕೆಂದು ಬರೆದಿದ್ದ ಈ ಏರಿಕೆ 2425ನೇ ಇಸವಿಯವರೆಗೆ ಮುಂದುವರಿಯುವಂತಾಯಿತು. 2025ರಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಮಿತಿ ವರ್ಷವರ್ಷ ಏರುತ್ತದೆ, ಅನುದಾನ ತಾನಾಗಿ ಏರುವುದಿಲ್ಲ.

ಚಂದ್ರಗಿರಿ ದಡ ಉತ್ತರ:

ಮಕ್ಕಳು ಎಡವುವ ಜಾಗ ಇನ್ನೊಂದಿದೆ. ಊರಿನ ಎಲ್ಲ ಮನೆಗಳ ಬೆಲೆ ಒಟ್ಟಿಗೆ ಎರಡು ಪಟ್ಟಾದರೆ ವಿಸ್ಕಾನ್ಸಿನ್‌ನಲ್ಲಿ ಶಾಲಾ ತೆರಿಗೆ ಎರಡು ಪಟ್ಟಾಗುವುದಿಲ್ಲ. ಎತ್ತಬೇಕಾದ ಮೊತ್ತ ಮೊದಲೇ ನಿಗದಿಯಾಗಿರುವುದರಿಂದ ದರ ಅರ್ಧಕ್ಕೆ ಇಳಿಯುತ್ತದೆ. ನಿಮ್ಮ ಮನೆಯ ಬೆಲೆ ನೆರೆಯವರದ್ದಕ್ಕಿಂತ ಹೆಚ್ಚು ಏರಿದರೆ ಮಾತ್ರ ನಿಮ್ಮ ಪಾಲು ಹೆಚ್ಚುತ್ತದೆ.

ಮಿತಿ ಯಾವುದಕ್ಕೆ ಎಂದು ರಾಜ್ಯ ರಾಜ್ಯಕ್ಕೂ ಕೇಳಬೇಕು. ಕ್ಯಾಲಿಫೋರ್ನಿಯಾದಲ್ಲಿ 1978ರ ಪ್ರೊಪೊಸಿಷನ್ 13 ದರವನ್ನು ಶೇ. 1ಕ್ಕೆ ಕಟ್ಟಿ, ತೆರಿಗೆ ಮೌಲ್ಯವೂ ವರ್ಷಕ್ಕೆ ಶೇ. 2ಕ್ಕಿಂತ ಏರದಂತೆ ಮಾಡಿತು. ಮನೆ ಕೈಬದಲಾದಾಗ ಹೊಸ ಬೆಲೆ ಹಿಡಿಯುತ್ತಾರೆ. ಹಾಗಾಗಿ ಅಕ್ಕಪಕ್ಕದ ಒಂದೇ ಥರದ ಮನೆಗಳಿಗೆ ಹಲವು ಪಟ್ಟು ಅಂತರದ ತೆರಿಗೆ. ನನಗೆ ಇದು ಸರಿ ಅನ್ನಿಸುವುದಿಲ್ಲ, ಹೊಸದಾಗಿ ಮನೆ ಕೊಂಡವರ ಮೇಲೆ ಹೊರೆ ಹೋಗಿ ಕೂರುತ್ತದೆ. ನ್ಯೂಯಾರ್ಕ್‌ನ 2011ರ ಕಾನೂನು ಎತ್ತುವ ಮೊತ್ತಕ್ಕೇ ಮಿತಿ ಹಾಕಿತು: ಶೇ. 2 ಅಥವಾ ಹಣದುಬ್ಬರ, ಯಾವುದು ಕಡಿಮೆಯೋ ಅದು. ಮೀರಬೇಕಾದರೆ ಶಾಲಾ ಬಜೆಟ್‌ಗೆ ಶೇ. 60 ಮತ ಬೇಕು.

ತಲಾ ಮಿತಿಯ ಕಷ್ಟ ಮಕ್ಕಳು ಕಡಿಮೆಯಾದಾಗ ಗೊತ್ತಾಗುತ್ತದೆ. 50 ಮಕ್ಕಳು ಹೋದರೆ 50 ಮಕ್ಕಳ ಹಣ ಹೋಗುತ್ತದೆ, ಆದರೆ ಬಸ್ಸು ಅದೇ ದಾರಿಯಲ್ಲಿ ಓಡಬೇಕು, ಅದೇ ಕಟ್ಟಡ ಬೆಚ್ಚಗಿಡಬೇಕು. ಪೆಟ್ಟು ಒಮ್ಮೆಲೇ ಬೀಳದಿರಲಿ ಎಂದು ವಿಸ್ಕಾನ್ಸಿನ್ ಮೂರು ವರ್ಷಗಳ ಸರಾಸರಿ ಹಿಡಿಯುತ್ತದೆ.

ಬದಿಯಡ್ಕ ವಾರ್ಡು ಉತ್ತರ:

ಎರಡನೇ ಪ್ರಶ್ನೆಗೆ: ಇಲ್ಲ, ಶಾಲೆಗೆಂದು ಮೀಸಲಾದ ಪಾಲಿಲ್ಲ. ರಶೀದಿ ನೋಡಿ. ಕಟ್ಟಡ ತೆರಿಗೆ, ಅದರ ಮೇಲೆ ಶೇ. 5 ಗ್ರಂಥಾಲಯ ಸೆಸ್. ಶಿಕ್ಷಣ ಸೆಸ್ ಎಂಬ ಸಾಲು ಇರುವುದಿಲ್ಲ.

ದರದ ಮಿತಿ ಇಲ್ಲೂ ರಾಜ್ಯದ್ದೇ. 2023ರ ಪರಿಷ್ಕರಣೆಯಲ್ಲಿ ಗ್ರಾಮ ಪಂಚಾಯತಿನ 300 ಚದರ ಮೀಟರ್‌ವರೆಗಿನ ಮನೆಗಳಿಗೆ ಚದರ ಮೀಟರಿಗೆ 6ರಿಂದ 10 ರೂ. ಒಳಗೆ ಮೂಲ ದರ, ಮೇಲೆ ವರ್ಷಕ್ಕೆ ಶೇ. 5 ಏರಿಕೆ. 120 ಚದರ ಮೀಟರ್, ದರ 8 ರೂ. ಎಂದಿಟ್ಟುಕೊಂಡರೆ 960 ರೂ., ಸೆಸ್ 48, ಒಟ್ಟು 1,008. ರಸ್ತೆ, ಮಾಡು, ನೆಲದ ಮೇಲೆ ಸ್ವಲ್ಪ ಹೆಚ್ಚುಕಡಿಮೆ ಆಗುತ್ತದೆ. ಸ್ವಂತ ವಾಸದ 60 ಚದರ ಮೀಟರ್‌ವರೆಗಿನ ಮನೆಗೆ ವಿನಾಯಿತಿ ಇದೆ, ಫ್ಲಾಟಿಗೆ ಇಲ್ಲ. ತಹಶೀಲ್ದಾರರು ಒಮ್ಮೆ ವಸೂಲು ಮಾಡುವ 1975ರ ಕಾಯ್ದೆಯ ಕಟ್ಟಡ ತೆರಿಗೆ ಬೇರೆ, ಅದನ್ನು ಇದರೊಂದಿಗೆ ಬೆರೆಸಬೇಡಿ.

ಸರಕಾರಿ, ಎಯ್ಡೆಡ್ (ಅನುದಾನಿತ ಖಾಸಗಿ) ಎರಡೂ ಶಾಲೆಗಳ ಅಧ್ಯಾಪಕರ ಸಂಬಳ ರಾಜ್ಯದ ಖಜಾನೆಯಿಂದ. ಸರಕಾರಿ ಎಲ್.ಪಿ., ಯು.ಪಿ. (ಕಿರಿಯ, ಹಿರಿಯ ಪ್ರಾಥಮಿಕ) ಕಟ್ಟಡಗಳ ದುರಸ್ತಿ ಗ್ರಾಮ ಪಂಚಾಯತಿನ ಹೊಣೆ, ಹೈಸ್ಕೂಲು ಜಿಲ್ಲಾ ಪಂಚಾಯತಿಗೆ ಸೇರಿದ್ದು. ಹೈಸ್ಕೂಲಿಗೆ ಹೊಂದಿಕೊಂಡ ಎಲ್.ಪಿ. ತರಗತಿಗಳೂ ಜಿಲ್ಲಾ ಪಂಚಾಯತಿನವೇ, ಅರ್ಜಿ ತಪ್ಪು ಕಚೇರಿಗೆ ಹೋಗುವುದು ಹೆಚ್ಚಾಗಿ ಇಲ್ಲೇ. ಎಯ್ಡೆಡ್ ಕಟ್ಟಡ ಮ್ಯಾನೇಜರರ ಹೊಣೆ. ಸರಕಾರಿ ಶಾಲೆಯ ದುರಸ್ತಿಗೆ ಹಣದ ಮುಖ್ಯ ದಾರಿ ರಾಜ್ಯ ಕೊಡುವ ಮೈಂಟೆನೆನ್ಸ್ ಫಂಡಿನ (ನಿರ್ವಹಣಾ ನಿಧಿ) ರಸ್ತೆಯೇತರ ಭಾಗ. ಕಟ್ಟಡ ಪಂಚಾಯತಿನ ಆಸ್ತಿ ರಿಜಿಸ್ಟರಿನಲ್ಲಿ ಇದೆಯೇ ಎಂದು ಮೊದಲು ನೋಡಿ, ಆಮೇಲೆ ಗ್ರಾಮ ಸಭೆಯಲ್ಲಿ ಬೇಡಿಕೆ ಬರೆಸಿ.

ಕುಂಬಳೆ ಅರ್ಥಶಾಸ್ತ್ರ:

ಹಾಗಾದರೆ ಪಂಚಾಯತಿನ ತೆರಿಗೆ ಹೆಚ್ಚಿದರೂ ಶಾಲೆಯ ಕನ್ನಡ ಡಿವಿಷನ್ (ಕನ್ನಡ ಮಾಧ್ಯಮದ ತರಗತಿ) ಉಳಿಸಲು ಅದು ಉಪಯೋಗಕ್ಕೆ ಬಾರದು?

ಬದಿಯಡ್ಕ ವಾರ್ಡು ಉತ್ತರ:

ಅಧ್ಯಾಪಕರ ಹುದ್ದೆ ಉಳಿಸಲು ಬಾರದು. ಹುದ್ದೆ ನಿರ್ಧಾರವಾಗುವುದು ಶಾಲೆ ತೆರೆದ ಆರನೇ ಕೆಲಸದ ದಿನದ ಮಕ್ಕಳ ಲೆಕ್ಕದಿಂದ. ಎಲ್.ಪಿ.ಗೆ 30ಕ್ಕೊಬ್ಬರು, ಯು.ಪಿ.ಗೆ 35ಕ್ಕೊಬ್ಬರು ಅಧ್ಯಾಪಕರು ಎಂಬ ಅನುಪಾತ. ಇಲ್ಲಿನ ನಿಜವಾದ ಮಿತಿ ಇದು. ವಿಸ್ಕಾನ್ಸಿನ್‌ನ ಮೂರು ವರ್ಷದ ಸರಾಸರಿಯಂಥ ತಡೆ ಇಲ್ಲಿಲ್ಲ. ಜೂನ್ ತಿಂಗಳ ಆ ಒಂದು ದಿನಕ್ಕೆ ಮೊದಲೇ ಪ್ರವೇಶ ಮುಗಿಸಿ, ಆಧಾರ್ ವಿವರದ ತಪ್ಪುಗಳನ್ನು ತಿದ್ದಿಸಿ. ಜುಲೈಯಲ್ಲಿ ಸೇರಿದ ಮಗು ತರಗತಿಯಲ್ಲಿ ಕೂತಿದ್ದರೂ ಆ ಎಣಿಕೆಯಲ್ಲಿ ಇರುವುದಿಲ್ಲ.