ಸಮಸ್ಯೆ: "ಸತ್ತವಳು ನಗುನಗುತ ಬಂದಳು ಶಾಲೆಯಂಗಳಕೆ"

ಸಮಸ್ಯೆ ಕೊಟ್ಟವರು: ಇದು ಭಾಮಿನೀ ಷಟ್ಪದಿಯ ಆರನೇ ಪಾದ, ಅಂದರೆ ಕೊನೆಯ ಸಾಲು. ವಸ್ತು, ಎಳವೆಯಲ್ಲೇ ತೀರಿಕೊಂಡ ಬಾಲ್ಯದ ಗೆಳತಿ, ಮೊದಲ ಒಲವು. ಒಗಟಿನಂಥ ಈ ಸಾಲಿಗೆ ಅರ್ಥ ಕೂಡುವಂತೆ ಮೇಲಿನ ಐದು ಪಾದ ತುಂಬಿಕೊಡಿ, ಅದೇ ಪೂರಣ. ಕುಮಾರವ್ಯಾಸನನ್ನು ಓದಿದವರಿಗೆ ನಡೆ ಕಿವಿಯಲ್ಲೇ ಇರುತ್ತದೆ. ಹೊಸಬರಿಗಾಗಿ: 1, 2, 4, 5ನೇ ಪಾದಕ್ಕೆ 3+4+3+4, ಅಂದರೆ 14 ಮಾತ್ರೆ, 3 ಮತ್ತು 6ಕ್ಕೆ ಅದೇ ನಡೆ ಮೂರು ಸಲ, ಮೇಲೊಂದು ಗುರು, 23 ಮಾತ್ರೆ.

ಸತ್ತ | ವಳುನಗು | ನಗುತ | ಬಂದಳು | ಶಾಲೆ | ಯಂಗಳ | ಕೆ

ಕೊನೆಯ 'ಕೆ' ಹ್ರಸ್ವವಾದರೂ ಪಾದಾಂತದಲ್ಲಿ ಗುರು. ಆದಿಪ್ರಾಸ, ಅಂದರೆ ಪ್ರತಿ ಪಾದದ ಎರಡನೇ ಅಕ್ಷರ, 'ತ್ತ'; ಅದೇ ವ್ಯಂಜನದ ಒತ್ತು ಇರುವುದರಿಂದ ಹಯಪ್ರಾಸ. ಅದರ ಸ್ವರ ಏನಾದರೂ ಇರಲಿ, ಒತ್ತು ಬದಲಾಗಬಾರದು. ಪಾದದ ಮೊದಲ ಅಕ್ಷರ ಹ್ರಸ್ವವೇ ಇರಬೇಕು.

ತಿದ್ದಿಕೊಡಿ ಎಂದು ಬಂದ ಒಂದು ಪಾದ: ಕನಸನ್ನು ಕೀಲಕ, ಅಂದರೆ ಸಮಸ್ಯೆ ಬಿಡಿಸುವ ಕೀಲಿ, ಮಾಡಿದರೆ ಹೇಗೆ? "ಹತ್ತಿರ ಬಂದು ನಿಂತಳು ರಾತ್ರಿ". ಮಾತ್ರೆ 14 ಬರುತ್ತದೆ, ಆದರೂ ಓದುವಾಗ ಎಡವುತ್ತದೆ.

ಉತ್ತರ: ಎಡವಲೇಬೇಕು. ಹತ್ತಿ | ರ ಬಂದು | ನಿಂತ | ಳು ರಾತ್ರಿ ಎಂದು ಒಡೆದು ನೋಡಿ. ನಾಲ್ಕರ ಗಣ ಎರಡೂ ಲಘು-ಗುರು-ಲಘು, ಜಗಣ. ಹೀಗೆ ಲಘು-ಗುರುವಿನಿಂದ ಮೊದಲಾಗುವ, ಲಗಾದಿಯಾದ ಗಣ ಈ ನಡೆಯಲ್ಲಿ ಕೂರುವುದಿಲ್ಲ. ಲೆಕ್ಕ ಸರಿಯಿದ್ದರೂ ತಾಳ ತಪ್ಪುತ್ತದೆ. "ಹತ್ತಿರಕೆ ನಡೆತಂದು ನಿಂತಳು" ಎಂದರೆ ಸರಿಹೋಯಿತು. 'ರಾತ್ರಿ'ಯನ್ನು ಮುಂದಿನ ಪಾದದ ಮೊದಲಿಗೆ ತಳ್ಳಬೇಡಿ: ದೀರ್ಘದ ಮೇಲೆ 'ತ್ರ', ಪ್ರಾಸ ಎರಡು ಕಡೆಯಿಂದ ಕೆಡುತ್ತದೆ. ಇನ್ನು ಕೀಲಕದ ಮಾತು. ಸತ್ತವರು ಬರುವ ಯಾವ ಸಮಸ್ಯೆಗೂ ಕನಸು ಹೊಂದುತ್ತದೆ, ಅದಕ್ಕೇ ಅದು ಸಪ್ಪೆ. ಪರಿಹಾರ ಶಾಲೆಯ ಅಂಗಳದಲ್ಲೇ ಹುಟ್ಟಲಿ.

ಪೂರಣ:

ಬಿತ್ತಿ ಹೋದಳು ಬೀಜವೊಂದನು
ಹತ್ತು ವರುಷಕೆ ಹಸಿರು ಮರವದು
ಸುತ್ತ ಚೆಲ್ಲಿತು ಹೊಂಗೆ ಹೂವನು ಚೈತ್ರ ಬಂದೊಡನೆ
ಮುತ್ತಿಕೊಂಡರು ಮಕ್ಕಳೆಲ್ಲರು
ಎತ್ತಿ ಬೊಗಸೆಗೆ ತುಂಬಿಕೊಳ್ಳುತ
ಸತ್ತವಳು ನಗುನಗುತ ಬಂದಳು ಶಾಲೆಯಂಗಳಕೆ

ಸಮಸ್ಯೆ ಕೊಟ್ಟವರು: ಭೇಷ್! ಹೂವೇ ಅವಳ ನಗು ಎಂದು ಬಾಯಿಬಿಟ್ಟು ಹೇಳಿಲ್ಲ, ಅದೇ ಚೆಂದ. ಹೊಂಗೆಯೂ ಸರಿಯಾದ ಆಯ್ಕೆ. ಹತ್ತು ವರ್ಷದೊಳಗೇ ಹೂ ಬಿಡುವ ಮರ, ಯುಗಾದಿಯ ಹೊತ್ತಿಗೆ ನೆಲ ತುಂಬ ಉದುರಿಸುತ್ತದೆ. 'ಎಲ್ಲರು ಎತ್ತಿ' ವಿಸಂಧಿ, ಅಂದರೆ ಸಂಧಿ ಮಾಡದೆ ಬಿಟ್ಟ ದೋಷ, ಅಲ್ಲವೇ ಎಂದು ಯಾರಾದರೂ ಕೇಳಬಹುದು. ಹೊಸಗನ್ನಡದಲ್ಲಿ, ಅದೂ ಪಾದದ ಕೊನೆಯಲ್ಲಿ, ನಡೆಯುತ್ತದೆ. ಪಾದದ ನಡುವೆ ಮಾತ್ರ ಬೇಡ.

ಇನ್ನೊಂದು ಪೂರಣ, ಸಾವನ್ನೇ ಅಳಿಸುವ ದಾರಿ:

ಹತ್ತನೆಯ ತರಗತಿಯ ದಿನಗಳು
ಮತ್ತೆ ಮರಳವು, ನೆನಪಿನಲ್ಲಿಯೆ
ಹೊತ್ತು ಮೂಡುವ ಮುನ್ನ ನೀರನು ಸೇದಿ ತಂದವಳು
ಬುತ್ತಿ ಕಟ್ಟುತ ತಮ್ಮನೆಬ್ಬಿಸಿ
ಒತ್ತಿ ಬರುತಿಹ ನಿದ್ದೆಯಲಿ ಬೇ-
ಸತ್ತವಳು ನಗುನಗುತ ಬಂದಳು ಶಾಲೆಯಂಗಳಕೆ

ಉತ್ತರ: ಅಬ್ಬಾ, 'ಬೇ'! ಹಿಂದಿನ ಪಾದದ ತುದಿಗೆ ಒಂದಕ್ಷರ ಕೂಡಿಸಿ ಅರ್ಥ ತಿರುಗಿಸುವುದು ಸಭೆಯಲ್ಲಿ ಆಶುವಾಗಿ ಪದ್ಯ ಕಟ್ಟುವ ಅವಧಾನದಲ್ಲಿ, ಸಮಸ್ಯೆ ಒಡ್ಡುವ ಪೃಚ್ಛಕರೂ ಕಾದು ಕೂತಿರುವ ಚಮತ್ಕಾರ. 'ಯಲಿಬೇ' ಎರಡು ಲಘು, ಒಂದು ಗುರು, ಗಣ ನಿರ್ದೋಷ. ಪದ ಒಡೆದರೂ ಪ್ರಾಸ ಕೆಟ್ಟಿಲ್ಲ. ಒಂದೇ ತಕರಾರು: ಕೀಲಕ ಗೆದ್ದಾಗ ಸಾವು ಪದ್ಯದಿಂದ ಹೊರಟುಹೋಯಿತು. 'ನೆನಪಿನಲ್ಲಿಯೆ' ಎಂಬುದೊಂದರ ಮೇಲೆ ವಸ್ತುವೆಲ್ಲ ನಿಂತಿದೆ, ಅದನ್ನು ಕಳಚಿದರೆ ಯಾವ ಹುಡುಗಿಯ ಪದ್ಯವಾದರೂ ಆದೀತು. ಹಾಗಿದ್ದೂ ನೀರು, ಬುತ್ತಿ, ತಮ್ಮ ಎಂಬ ಮೂರು ಕೆಲಸ ಅವಳನ್ನು ಕಣ್ಣೆದುರು ನಿಲ್ಲಿಸುತ್ತವೆ. ಒಲವು ಎಂಬ ಮಾತು ಎರಡು ಪೂರಣದಲ್ಲೂ ಇಲ್ಲ, ಸೇರಿಸಲು ಹೋಗಬೇಡಿ.

ಸಮಸ್ಯೆ ಕೊಟ್ಟವರು: ಶಾಲೆಯ ನಾಟಕದಲ್ಲಿ 'ಸತ್ತ' ಪಾತ್ರಧಾರಿ ಎಂಬ ಪರಿಹಾರ ಇನ್ನೂ ಬಂದಿಲ್ಲ. ಬಂದರೆ ಹಾಸ್ಯಕ್ಕೆ ಜಾರುವ ಅಪಾಯವಿದೆ, ನೋಡಿಕೊಂಡು ಬರೆಯಿರಿ.