ಸಹಾಯ ಬೇಕು: ಪಾರ್ಕಿನ್ಸನ್ ನಡಿಗೆಯ ಸೆನ್ಸರ್ ರೀಡಿಂಗ್ ಬಗ್ಗೆ

ಎಲ್ಲರಿಗೂ ನಮಸ್ಕಾರ. ನಮ್ಮ ಮಾವನವರಿಗೆ ಪಾರ್ಕಿನ್ಸನ್ ಕಾಯಿಲೆ ಇದೆ. ಬಾಗಿಲು ದಾಟುವಾಗ, ತಿರುಗುವಾಗ ಕಾಲು ನೆಲಕ್ಕೆ ಅಂಟಿದ ಹಾಗೆ ನಿಂತುಬಿಡುತ್ತೆ. ಡಾಕ್ಟರ ಮುಂದೆ ಮಾತ್ರ ಸರಾಗವಾಗಿ ನಡೀತಾರೆ! ಅದಕ್ಕೇ ಮನೆಯಲ್ಲೇ ದಾಖಲಿಸೋಣ ಅಂತ ಕಣಕಾಲಿನ ಮೇಲೆ ಚಲನೆ ಅಳೆಯುವ ಎಂಪಿಯು-6050 ಸೆನ್ಸರ್ ಕಟ್ಟಿ, ಸೆಕೆಂಡಿಗೆ 100 ರೀಡಿಂಗ್ ತೆಗೀತಿದ್ದೀನಿ.

ಮಾಮೂಲಿ ನಡಿಗೆಯ ಚಲನೆ 3 ಹರ್ಟ್ಸ್‌ಗಿಂತ (ಸೆಕೆಂಡಿಗೆ 3 ಸಲಕ್ಕಿಂತ) ಕೆಳಗೆ, ಕಾಲು ಹೀಗೆ ಅಂಟಿ ನಿಂತಾಗಿನ ನಡುಕ 3ರಿಂದ 8 ಹರ್ಟ್ಸ್. ನಡಿಗೆಯ ಚಲನೆಗೆ ಹೋಲಿಸಿದರೆ ನಡುಕ ಎಷ್ಟು ಅನ್ನೋ ಅನುಪಾತ ನೋಡಿ ಆ ಕ್ಷಣ ಹಿಡೀಬಹುದು. ಆದರೆ ಸುಮ್ಮನೆ ನಿಂತಾಗಲೂ ಅನುಪಾತ ಏರುತ್ತೆ. ಅದನ್ನು ತಪ್ಪಿಸೋಕೆ ಒಟ್ಟು ಚಲನೆಗೆ ಕನಿಷ್ಠ ಮಿತಿ ಇಟ್ಟರೆ, ನಡುಕವೇ ಇಲ್ಲದೆ ಕಾಲು ಅಂಟಿ ನಿಂತದ್ದು ಲೆಕ್ಕಕ್ಕೆ ಸಿಗಲ್ಲ.

ಸುಮ್ಮನೆ ನಿಂತದ್ದನ್ನೂ ನಡುಕವಿಲ್ಲದೆ ಕಾಲು ಅಂಟಿದ್ದನ್ನೂ ಬೇರ್ಪಡಿಸೋದು ಹೇಗೆ? ಸೊಂಟಕ್ಕೂ ಒಂದು ಸೆನ್ಸರ್ ಬೇಕಾ? ಈ ಕೆಲಸ ಮಾಡಿದ ಫಿಸಿಯೋಥೆರಪಿಸ್ಟ್, ಎಂಜಿನಿಯರ್‌ಗಳಿದ್ದರೆ ದಯವಿಟ್ಟು ತಿಳಿಸಿ. ಮಾತ್ರೆಯ ಹೊತ್ತಿನ ಜೊತೆ ಹೊಂದಿಸಿ ಡಾಕ್ಟರಿಗೆ ತೋರಿಸಬೇಕು.